ಎರಡು ಬೋಲ್ಟಿನ ಮುಚ್ಚಳ

ನಮ್ಮ ಸುಗಟೂರಿನ ಮನೆಯಲ್ಲಿ ಒಳ್ಳೆಯ ಕೋಣೆ ರೇಷ್ಮೆಹುಳುಗಳದ್ದು, ಒಳ್ಳೆಯ ನೆರಳು ಅಪ್ಪನ ವ್ಯಾನಿನದ್ದು. ಮಿಕ್ಕ ಜಾಗದಲ್ಲಿ ನಾವು ನಾಲ್ಕು ಜನ ಇದ್ದೆವು. ಬೀದಿ ಬಾಗಿಲು ದಾಟಿದರೆ ನಡುಮನೆ, ಅದರ ಬಲಕ್ಕೆ ಎರಡು ಕಿಟಕಿಯ ದೊಡ್ಡ ಕೋಣೆ. ಅಲ್ಲಿ ಹುಳುವಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಏರಿದ್ದವು. ಎಡಕ್ಕೆ ಕಿಟಕಿಯೇ ಇಲ್ಲದ ಅಡುಗೆಮನೆ. ಅವ್ವ, ಅಂದರೆ ಅಪ್ಪನ ತಾಯಿ, ನಡುಮನೆಯಲ್ಲಿ ರಾಗಿ ಮೂಟೆಗಳಿಗೆ ಬೆನ್ನು ಕೊಟ್ಟು ಮಲಗುತ್ತಿದ್ದಳು. ಅಪ್ಪ, ಅಮ್ಮ, ನಾನು ಜಗುಲಿಯಲ್ಲಿ. ಮನೆಯೆದುರಿನ ಹೊಂಗೆ ಮರದಡಿ ವ್ಯಾನು ನಿಂತಿರುತ್ತಿತ್ತು. ಆ ನೆರಳಿನಲ್ಲಿ ಕುಂಟೆಬಿಲ್ಲೆ ಆಡಲು ಹೋದರೆ ಅಪ್ಪನ ಬೈಗುಳ, ಹುಳುವಿನ ಕೋಣೆಗೆ ಕಾಲು ತೊಳೆಯದೆ ಹೋದರೆ ಅಮ್ಮನ ಬೈಗುಳ. ಈಗ ಮಾಲೂರಿನಲ್ಲಿ ನನಗೆ ನನ್ನದೇ ಮೂರು ಕೋಣೆಯ ಮನೆಯಿದೆ. ಆದರೂ ಯಾರಾದರೂ ಒಳಗೆ ಬಂದರೆ ಅವರಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಅದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹುಳು ಮೇಯುವಷ್ಟು ದಿನ ಮನೆಯ ಯಜಮಾನಿಕೆ ಹುಳುಗಳದ್ದು. ಊದಿನಕಡ್ಡಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರು ಬಳಿಯುವಂತಿಲ್ಲ, ಬೀಡಿ ಸೇದುವವರು ಜಗುಲಿ ಹತ್ತುವಂತಿಲ್ಲ, ಒಗ್ಗರಣೆ ಹಾಕಬೇಕಾದರೆ ಹಿತ್ತಲಿನ ಒಲೆಯಲ್ಲಿ. ಘಾಟು ತಾಕಿದರೆ ಹುಳು ಮೇವು ಬಿಡುತ್ತದೆ ಎನ್ನುತ್ತಿದ್ದಳು ಅಮ್ಮ. ಹುಳು ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಅಂಥ ನಾಲ್ಕು ಜ್ವರ ದಾಟಿ, ಮೇದು, ಹಣ್ಣಾಗಿ, ಗೂಡು ಕಟ್ಟಬೇಕು. ಅಷ್ಟು ದಿನವೂ ಅಮ್ಮ ಹೊತ್ತಿಗೆ ಮುಂಚೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುತ್ತಿದ್ದಳು, ಸಂಜೆ ಮತ್ತೆ ಹೋಗುತ್ತಿದ್ದಳು. ನಮಗೆ ಮುದ್ದೆ ಬಡಿಸಿ, ತನ್ನ ಮುದ್ದೆಯನ್ನು ಹುಳುವಿನ ಕೋಣೆಯ ಹೊಸ್ತಿಲಲ್ಲಿ ನಿಂತುಕೊಂಡೇ ನುಂಗಿ ಮುಗಿಸುತ್ತಿದ್ದಳು. ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ಒಳಗಿನ ಚಿಟ್ಟೆ ಗೂಡು ತೂತು ಮಾಡುವ ಮೊದಲೇ ಕೋಲಾರದ ಗೂಡಿನ ಮಾರ್ಕೆಟ್ಟಿಗೆ ತಲುಪಿಸುವ ಹೊತ್ತಿಗೆ ಅವಳು ಅರ್ಧ ಇಳಿದುಹೋಗಿರುತ್ತಿದ್ದಳು.

ಅಪ್ಪನಿಗೆ ವ್ಯಾನೆಂದರೆ ಪ್ರಾಣ. ಬೆಳಿಗ್ಗೆ ಊರವರ ಟೊಮೆಟೊ, ಬೀನ್ಸು ಕೋಲಾರಕ್ಕೆ ಸಾಗಿಸಿ ಮಧ್ಯಾಹ್ನಕ್ಕೆ ವಾಪಸಾಗುತ್ತಿದ್ದ. ಪ್ರಾಣವಾದದ್ದರಿಂದಲೇ ಏನೋ ಅದನ್ನು ಬಿಚ್ಚಿ ನೋಡುವ ಚಟವೂ ಇತ್ತು. ಒಮ್ಮೆ ಬ್ರೇಕು ಸರಿಮಾಡುತ್ತೇನೆಂದು ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಸ್ಪ್ರಿಂಗು ಮಿಕ್ಕಿತು. ಯಾವುದರದ್ದೆಂದು ತಿಳಿಯದೆ ಅದನ್ನು ಕಿಟಕಿಯ ಮೇಲಿಟ್ಟ. ಮಾರನೆಯ ದಿನ ವ್ಯಾನು ನಿಲ್ಲಿಸಿದರೂ ನಿಲ್ಲದೆ ಬಾವಿಕಟ್ಟೆಗೆ ಹೋಗಿ ಗುದ್ದಿತು. ಒಳಗೆ ನಾನಿದ್ದೆ. ಹಣೆಗೆ ಎರಡು ಹೊಲಿಗೆ ಬಿತ್ತು. ಅವತ್ತು ಅಮ್ಮ ಕೂಗಾಡಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಬಂದ ನನ್ನನ್ನು ನಡುಮನೆಯಲ್ಲಿ ಕೂರಿಸಿ ಅಪ್ಪನನ್ನು ಕರೆದಳು.

"ಇವಳ ತಲೆ ಮೇಲೆ ಕೈಯಿಡಿ. ಇನ್ಮೇಲೆ ವ್ಯಾನಿಗೆ ಸ್ಪ್ಯಾನರ್ ಹಾಕಲ್ಲ, ಏನಿದ್ರೂ ಖಲೀಲಣ್ಣನ ಹತ್ರಾನೇ ತೋರಿಸ್ತೀನಿ ಅಂತ ಆಣೆ ಮಾಡಿ."

"ಆಯ್ತು ಬಿಡೇ."

"ಆಯ್ತು ಬಿಡೇ ಅಲ್ಲ. ಕೈಯಿಡಿ."

ಅಪ್ಪ ಕೈಯಿಟ್ಟ. ಗ್ರೀಸು ಮೆತ್ತಿದ ಆ ಕೈಯ ಭಾರ ಹೊಸ ಹೊಲಿಗೆಗೆ ತಾಕಿ ನೋವಾಯಿತು. ನನ್ನ ತಲೆಯ ವಿಷಯದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಆಣೆ ತಪ್ಪಿದರೆ ಯಾರ ತಲೆಯ ಮೇಲೆ ಕೈಯಿಟ್ಟಿದ್ದರೋ ಅವರು ಉಳಿಯುವುದಿಲ್ಲ ಎನ್ನುವುದು ನಮ್ಮೂರಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಖಲೀಲ್ ಮಾಮನಿಗೆ ಕೋಲಾರದಲ್ಲಿ ಸಣ್ಣದೊಂದು ಗ್ಯಾರೇಜಿತ್ತು. ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ, ಅವ್ವನೊಂದಿಗೆ ತೆಲುಗು ಮಾತಾಡುತ್ತಿದ್ದ. ಅಮ್ಮನಿಗೆ ಅವನ ಮೇಲೆ ನಂಬಿಕೆ, ಅಪ್ಪನಿಗೆ ಅದೇ ಕಾರಣಕ್ಕೆ ಒಳಗೊಳಗೆ ಉರಿ.

ಆಣೆ ಒಂದು ವರ್ಷ ಉಳಿಯಿತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ಯಾರೋ ಡ್ರೈವರು ಅಪ್ಪನ ಕಿವಿಗೆ ಒಂದು ಮಾತು ಹಾಕಿದ. ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ಬಾಯಲ್ಲಿ ಥರ್ಮೋಸ್ಟಾಟ್ ಅಂತ ಒಂದು ವಾಲ್ವು ಕೂತಿರುತ್ತದೆ. ಇಂಜಿನ್ನು ಬಿಸಿಯಾಗುವವರೆಗೆ ಅದು ನೀರನ್ನು ಬಿಡುವುದಿಲ್ಲ. ಅದೆಲ್ಲ ಚಳಿ ದೇಶದವರಿಗೆ, ನಮ್ಮ ಬಿಸಿಲಿಗೆ ಅದನ್ನು ಕಿತ್ತೆಸೆದರೆ ಇಂಜಿನ್ನು ತಣ್ಣಗಿರುತ್ತದೆ ಎಂದು. ಅಪ್ಪ ಕಾಯಲಿಲ್ಲ. ಅಮ್ಮ ಸೊಪ್ಪಿಗೆ ಹೋದ ಸಂಜೆ ಮುಂದಿನ ಎರಡು ಸೀಟುಗಳ ನಡುವಿನ ಇಂಜಿನ್ ಪೆಟ್ಟಿಗೆ ತೆರೆದ. ದಪ್ಪ ರಬ್ಬರು ಪೈಪು ಬಂದು ಸೇರುವ ಕಡೆ ಎರಡು ಬೋಲ್ಟಿನ ಅಲ್ಯೂಮಿನಿಯಂ ಮುಚ್ಚಳವೊಂದಿತ್ತು. ಅದನ್ನು ಬಿಚ್ಚಿ, ಒಳಗಿದ್ದ ಹಿತ್ತಾಳೆಯ ವಾಲ್ವನ್ನು ಅದರ ರಬ್ಬರು ಉಂಗುರದ ಸಮೇತ ಕಿತ್ತು ತಿಪ್ಪೆಗೆ ಎಸೆದ. ಸಂದಿಯಲ್ಲಿ ನೀರು ಸೋರದಂತೆ ಮುಚ್ಚಳದಡಿ ಇಡುವ ಹಳೆಯ ಗ್ಯಾಸ್ಕೆಟ್ಟು ಹರಿದುಹೋಗಿತ್ತು. ಅವ್ವನ ತಮ್ಮನ ಮೊಮ್ಮಗಳ ಲಗ್ನಪತ್ರಿಕೆ ತಂದು, ಮುಚ್ಚಳದ ಬಾಯಿಗೆ ಒತ್ತಿಟ್ಟು, ಅಂಚಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊಸ ಗ್ಯಾಸ್ಕೆಟ್ಟು ಕತ್ತರಿಸಿದ. ಅದನ್ನು ನೋಡುವಾಗ ನನಗೆ ನಿಜವಾಗಿ ಮೆಚ್ಚುಗೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬೋಲ್ಟುಗಳನ್ನು ಹಲ್ಲು ಕಚ್ಚಿ, ಮೈಯೆಲ್ಲ ಭಾರ ಬಿಟ್ಟು ಬಿಗಿದ. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಆಗ ನೋಡಿದ.

"ಅಮ್ಮಂಗೆ ಹೇಳ್ಬೇಡ ಕಣೇ ಪದ್ದಿ. ಒಂದು ಮುಚ್ಚಳ ತೆಗ್ದು ಮುಚ್ಚಿದ್ದಷ್ಟೇ. ಇದೂ ಒಂದು ರಿಪೇರೀನಾ?"

ನಾನು ಹೇಳಲಿಲ್ಲ. ಹೇಳಿದರೆ ಆಣೆ ತಪ್ಪಿದ್ದು ನಿಜವಾಗಿಬಿಡುತ್ತದೆ, ನಾನು ಸಾಯುತ್ತೇನೆ. ಹೇಳದಿದ್ದರೆ ಬಹುಶಃ ದೇವರ ಗಮನಕ್ಕೆ ಬರುವುದಿಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು.

ವಾರದೊಳಗೆ ನೀರು ಸೋರತೊಡಗಿತು. ಹೊಂಗೆ ಮರದಡಿ ಬೆಳಿಗ್ಗೆ ನೋಡಿದರೆ ತಟ್ಟೆಯಗಲದ ಒದ್ದೆ. ಅಪ್ಪ ಎರಡು ಕ್ಯಾನು ನೀರನ್ನು ವ್ಯಾನಿನಲ್ಲೇ ಇಟ್ಟುಕೊಂಡ. ಅವನ್ನು ಬೋರಿನ ನಲ್ಲಿಯಲ್ಲಿ ತುಂಬುವ ಕೆಲಸ ನನ್ನದು. ಸೋರಿಕೆ ಹೆಚ್ಚಿಲ್ಲ, ದಾರಿಯಲ್ಲಿ ಒಂದು ಸಲ ನೀರು ಕುಡಿಸಿದರೆ ಸಾಕು ಎನ್ನುತ್ತಿದ್ದ. ಅಮ್ಮನ ಗೂಡು ಮಾರ್ಕೆಟ್ಟಿಗೆ ಹೊರಟ ದಿನ ಮೂರು ಚೀಲಗಳನ್ನೂ ಸೀಟಿನ ಹಿಂದೆ, ಇಂಜಿನ್ ಪೆಟ್ಟಿಗೆಗೆ ಒರಗಿಸಿ ಇಟ್ಟರು. ನಾನೂ ಅಮ್ಮನೂ ಮುಂದೆ ಕೂತೆವು. ಅರ್ಧ ದಾರಿಯಲ್ಲಿ ಪೆಟ್ಟಿಗೆಯೊಳಗೆ ಗುಳುಗುಳು ಸದ್ದಾಯಿತು. ಆಮೇಲೆ ಹಬೆ. ಅಪ್ಪ ಗಾಬರಿಯಲ್ಲಿ ಪೆಟ್ಟಿಗೆ ಎತ್ತಿದ್ದೇ ತಪ್ಪಾಯಿತು. ಮುಚ್ಚಳದ ಸಂದಿಯಿಂದ ಚಿಮ್ಮುತ್ತಿದ್ದ ಬಿಸಿನೀರು ನೇರ ಚೀಲಗಳ ಮೇಲೆ ಎರಚಿತು. ನಮಗೆ ಏನೂ ಆಗಲಿಲ್ಲ, ಗೂಡು ನೆಂದಿತು. ನೆಂದ ಗೂಡು ಮೆತ್ತಗಾಗುತ್ತದೆ, ಕಲೆ ಕಟ್ಟುತ್ತದೆ. ಮಾರ್ಕೆಟ್ಟಿನಲ್ಲಿ ಬಂದವರೆಲ್ಲ ಚೀಲಕ್ಕೆ ಕೈ ಹಾಕಿ, ಬೆರಳಲ್ಲಿ ಒತ್ತಿ ನೋಡಿ, ಬೆಲೆ ಕೂಗದೆ ಮುಂದಕ್ಕೆ ಹೋದರು. ಅಮ್ಮ ಒಂದು ತಿಂಗಳು ನಿಂತು ಉಂಡ ಮುದ್ದೆಯೆಲ್ಲ ಅಲ್ಲಿ ನೀರುಪಾಲಾಯಿತು. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಾ ಒಂದೇ ಮಾತು ಹೇಳಿದಳು.

"ಇನ್ನು ನನ್ನ ಗೂಡು ಬಸ್ಸಲ್ಲಿ ಹೋಗುತ್ತೆ."

"ಪೈಪ್ ಹೋಗಿತ್ತು ಕಣೇ. ಹೊಸ ಪೈಪ್ ಹಾಕಿಸ್ತೀನಿ."

ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು. ಮಾತೇನಿದ್ದರೂ ನನ್ನ ಮೂಲಕ. ಊಟಕ್ಕೆ ಬರಬೇಕಂತ ಹೇಳು, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳು. ಎದುರುಬದುರು ಕೂತ ಇಬ್ಬರು ದೊಡ್ಡವರಿಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸಾಗಿಸಿ ಸಾಗಿಸಿ ನನಗೆ ಸಾಕಾಗಿಹೋಗಿತ್ತು. ಮುಂದಿನ ಬೆಳೆಯ ಗೂಡನ್ನು ಅಮ್ಮ ನಿಜವಾಗಿಯೂ ಬಸ್ಸಿಗೆ ಹಾಕಿದಳು. ಮನೆ ಮುಂದೆ ಗಂಡನ ವ್ಯಾನು ನಿಂತಿರುವಾಗ ಹೆಂಡತಿ ಚೀಲ ಹೊತ್ತು ಬಸ್ಸಿಗೆ ಕಾಯುವುದನ್ನು ಬೀದಿಯವರೆಲ್ಲ ಕಣ್ತುಂಬ ನೋಡಿದರು. ಅಪ್ಪ ಹಲ್ಲುಜ್ಜುವ ನೆಪದಲ್ಲಿ ಹಿತ್ತಲಿಗೆ ಹೋದವನು ಬಸ್ಸು ಹೊರಡುವವರೆಗೂ ಈಚೆ ಬರಲಿಲ್ಲ. ಅವನಿಗೆ ಬೇಕಾದದ್ದು ಒಂದೇ, ಅಮ್ಮ ಮತ್ತೆ ತನ್ನ ಗೂಡನ್ನು ವ್ಯಾನಿಗೆ ಹಾಕಬೇಕು. ಅದಕ್ಕೆ ಸೋರಿಕೆ ನಿಲ್ಲಬೇಕು. ಸೋರಿಕೆ ನಿಲ್ಲಲು ಖಲೀಲ್ ಮಾಮನ ಹತ್ತಿರ ಹೋಗಬೇಕು. ಹೋದರೆ ಅವನು ಮುಚ್ಚಳ ಬಿಚ್ಚಿದ ಕೂಡಲೇ ವಾಲ್ವು ಎಲ್ಲಿ ಅಂತ ಕೇಳುತ್ತಾನೆ, ಮುಂದಿನ ಸಲ ಅಮ್ಮ ಸಿಕ್ಕಾಗ ಹೇಳಿಯೂಬಿಡುತ್ತಾನೆ. ಆದ್ದರಿಂದ ಅಪ್ಪ ಆ ಗ್ಯಾರೇಜಿನ ಬೀದಿಯನ್ನೇ ತಪ್ಪಿಸಿ ಬೇರೆ ದಾರಿಯಲ್ಲಿ ಮಾರ್ಕೆಟ್ಟಿಗೆ ಹೋಗತೊಡಗಿದ.

ಅಮ್ಮ ಸೊಪ್ಪಿಗೆ ಹೋದಾಗಲೆಲ್ಲ, ಮುಚ್ಚಳವನ್ನು ಇನ್ನಷ್ಟು ಬಿಗಿಯುವುದು ಬಿಟ್ಟರೆ ಅದನ್ನು ಬಿಚ್ಚದೆ, ಮಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿದ. ಹೊಸ ಪೈಪು ಹಾಕಿದ. ಪೈಪಿನ ಕ್ಲಿಪ್ಪು ಬದಲಾಯಿಸಿದ. ಬಟ್ಟೆ ಸೋಪನ್ನು ನಾದಿ ಸಂದಿಗೆ ಮೆತ್ತಿದ. ನನಗೆ ಸೋರುವ ಜಾಗ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ನಮ್ಮ ಬೋರಿನ ನೀರು ಬಿಂದಿಗೆಯ ಕೊರಳಿಗೆ ಹೇಗೆ ಬಿಳಿ ಪಟ್ಟೆ ಕಟ್ಟುತ್ತಿತ್ತೋ ಹಾಗೆಯೇ ಮುಚ್ಚಳದ ಅಂಚಿನಿಂದ ಕೆಳಕ್ಕೆ ಬಿಳಿ ಪಟ್ಟೆ ಇಳಿದಿತ್ತು. ನೀರು ಅಲ್ಲಿ ಹೊರಟು, ಪೈಪಿನ ಬೆನ್ನಿನ ಮೇಲೆ ಹರಿದು, ಕೆಳಗೆ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುವ ಜಾಗಕ್ಕೆ ಅಪ್ಪ ಮದ್ದು ಮಾಡುತ್ತಿದ್ದ.

"ಅಪ್ಪಾ, ಅಲ್ಲಿಂದಲ್ಲ, ಮೇಲಿಂದ ಬರ್ತಿದೆ. ಅವತ್ತು ನೀನು ಬಿಚ್ಚಿದ್ಯಲ್ಲ, ಆ ಮುಚ್ಚಳದಿಂದ."

"ಮೆಲ್ಲಗೆ ಮಾತಾಡೇ. ನಿಂಗೇನ್ ಗೊತ್ತು?"

ಕೊನೆಗೆ ಲಾರಿಯವರು ಮಾಡುವ ಅರಿಶಿನದ ಮದ್ದಿಗೆ ಬಂದ. ರೇಡಿಯೇಟರಿಗೆ ಅರಿಶಿನದ ಪುಡಿ ಸುರಿದರೆ ಅದು ನೀರಿನೊಂದಿಗೆ ಸುತ್ತಿ ತೂತಿಗೆ ಹೋಗಿ ಕೂರುತ್ತದಂತೆ. ಕೂರುವುದೂ ನಿಜವೇ, ಸೂಜಿಮೊನೆಯಷ್ಟು ತೂತಾದರೆ ಕೂರುತ್ತದೆ. ನಮ್ಮದು ವಾಲ್ವೇ ಇಲ್ಲದ ಬಾಯಿ, ಲಗ್ನಪತ್ರಿಕೆಯ ಗ್ಯಾಸ್ಕೆಟ್ಟು. ಅಡುಗೆಮನೆಯ ಡಬ್ಬಿಯಿಂದ ಮೂರು ಸಲ ಅರಿಶಿನ ಕದ್ದ. ಸಾರು ಬಿಳಿಚಿಕೊಂಡಿತು, ಹೊಂಗೆ ಮರದ ಕೆಳಗಿನ ನೆಲ ಹಳದಿಯಾಯಿತು. ಇಷ್ಟಾದರೂ ಅಮ್ಮನಿಗೆ ತಿಳಿಯದು ಅಂತ ಅವನು ನಂಬಿದ್ದ. ಇವತ್ತಿಗೂ ನೆನೆದರೆ ಅಪ್ಪನ ರಟ್ಟೆ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ.

ಮೂರನೆಯ ಬೆಳೆಯ ಹುಳು ನಾಲ್ಕನೇ ಜ್ವರದಿಂದ ಎದ್ದ ವಾರ ನನಗೂ ಜ್ವರ ಬಂತು. ಆಸ್ಪತ್ರೆಯ ಮಾತ್ರೆ ನುಂಗಿದರೆ ಬೆವರಿ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ನನಗೆ ಮಾತ್ರ ಅದು ಏತರ ಜ್ವರವೆಂದು ಗೊತ್ತಿತ್ತು. ಕೊನೆಗೂ ದೇವರ ಗಮನಕ್ಕೆ ಬಂದಿದೆ, ನನ್ನ ಕಥೆ ಮುಗಿಯಿತು ಅಂದುಕೊಂಡು ನಡುಮನೆಯಲ್ಲಿ ಅವ್ವನ ಹಾಸಿಗೆಯ ಮೇಲೆ ಗೋಡೆ ನೋಡುತ್ತಾ ಮಲಗಿದ್ದೆ. ಮಧ್ಯಾಹ್ನ ಅಪ್ಪ ಕೋಲಾರದಿಂದ ಬನ್ನು, ಮೋಸಂಬಿ ತಂದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಿಸಿಯಿದೆಯೇ ನೋಡಲು ಹಣೆಯ ಕಡೆಗೆ ಕೈ ಚಾಚಿದ. ಚಾಚಿದ ಕೈ ಅರ್ಧದಲ್ಲಿ ನಿಂತಿತು. ವಾಪಸು ಎಳೆದುಕೊಂಡು ಲುಂಗಿಗೆ ಒರೆಸಿಕೊಂಡ. ನನ್ನ ತಲೆ ಮುಟ್ಟಲು ಅಪ್ಪನಿಗೇ ಹೆದರಿಕೆ ಎಂದು ತಿಳಿದಾಗ ನನಗಿದ್ದ ಭಯ ಎರಡರಷ್ಟಾಯಿತು. ಆದರೂ ಅವನು ಬಾಯಿ ಬಿಡಲಿಲ್ಲ. ಎದ್ದು ಹೋಗಿ ವ್ಯಾನಿನ ಪೆಟ್ಟಿಗೆ ತೆಗೆದು, ಮತ್ತೆ ಆ ಎರಡು ಬೋಲ್ಟುಗಳನ್ನು ಬಿಗಿದ. ಸ್ಪ್ಯಾನರಿನ ಕಿರ್ರ್ ಸದ್ದು ನನಗೆ ಮಲಗಿದ್ದಲ್ಲಿಗೇ ಕೇಳಿಸಿತು.

ಅವ್ವನಿಗೆ ಹೆದರಿಕೆಯಾದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಎವರಿ ದಿಷ್ಟೋ ತಗಿಲಿಂದಿ," ಯಾರದೋ ದೃಷ್ಟಿ ತಾಕಿದೆ ಎನ್ನುತ್ತಾ ಒಣಮೆಣಸಿನಕಾಯಿ, ಉಪ್ಪು ಹಿಡಿದು ನನಗೆ ಇಳಿ ತೆಗೆದು, ಒಲೆಗೆ ಹಾಕಲು ಹೊರಟಳು. ಮೆಣಸಿನಕಾಯಿ ಸುಡುವುದೆಂದರೆ ಘಾಟು. ಹುಳುವಿನ ಕೋಣೆಯಿಂದ ಅಮ್ಮ ಸೊಪ್ಪಿನ ಸಮೇತ ಓಡಿ ಬಂದಳು.

"ಬೇಡ ಅತ್ತೆ! ಹುಳ ಮೇಯ್ತಾ ಇದೆ. ಒಂದ್ ಘಾಟು ತಾಕಿದ್ರೆ ಈ ಬೆಳೇನೂ ಹೋಯ್ತು."

"ನಿಂಗೆ ಹುಳ ಹೆಚ್ಚೋ ಮಗು ಹೆಚ್ಚೋ?"

ಗಲಾಟೆ ಕೇಳಿ ಅಪ್ಪ ಸ್ಪ್ಯಾನರು ಹಿಡಿದೇ ಬಾಗಿಲಿಗೆ ಬಂದ. ಅತ್ತೆ ಸೊಸೆ ಇಬ್ಬರೂ ನನ್ನ ತಲೆಯ ಮೇಲೆಯೇ ನಿಂತು ಕೂಗುತ್ತಿದ್ದರು. ನನ್ನಿಂದಾಗಿ ಅಮ್ಮನ ಹುಳು ಸಾಯುತ್ತವೆ, ಆಮೇಲೆ ನಾನೂ ಸಾಯುತ್ತೇನೆ, ಎರಡೂ ಒಂದು ಮುಚ್ಚಳಕ್ಕೋಸ್ಕರ. ತಡೆಯಲಾಗಲಿಲ್ಲ.

"ಅವ್ವಾ, ದೃಷ್ಟಿ ಅಲ್ಲ! ವಾಲ್ವು!"

ಎಲ್ಲವನ್ನೂ ಹೇಳಿದೆ. ಟೀ ಅಂಗಡಿ, ತಿಪ್ಪೆ, ಲಗ್ನಪತ್ರಿಕೆ, ಅರಿಶಿನ, ಹೇಳಬೇಡ ಎಂದದ್ದು. ಅಳುತ್ತಾ ಹೇಳಿದ್ದರಿಂದ ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಅಮ್ಮನಿಗೆ ಅರ್ಥವಾಯಿತು. ಎರಡು ತಿಂಗಳಲ್ಲಿ ಮೊದಲ ಸಲ ಅಪ್ಪನ ಮುಖ ನೋಡಿ ಮಾತಾಡಿದಳು.

"ಆಣೆ ತಪ್ಪಿದ್ದಲ್ದೆ, ಇವಳ ಕೈಲೇ ಮುಚ್ಚಿಡಿಸಿದ್ರಾ?"

"ಅವಳ ತಲೆ ಮೇಲೆ ಕೈಯಿಡು ಅಂತ ಹೇಳಿದ್ಯಾರೇ? ನಾನೇನ್ ಕೇಳಿದ್ನಾ?"

"ಇಬ್ರೂ ನನ್ ತಲೆ ಬಿಟ್ಬಿಡಿ!" ಎಂದು ನಾನು ಕಿರುಚಿದೆ. ದೊಡ್ಡವರ ಎದುರು ದನಿಯೆತ್ತಿದ್ದು ಅದೇ ಮೊದಲು. ಹುಳು ಮೇಯುವ ಸರಸರ ಸದ್ದು ಮಾತ್ರ ಬರುತ್ತಿತ್ತು. ಇಷ್ಟು ವರ್ಷಗಳ ಮೇಲೂ ನನಗೆ ಅವರಿಬ್ಬರಲ್ಲಿ ಯಾರ ಮೇಲೆ ಸಿಟ್ಟು ಹೆಚ್ಚು ಎಂದು ತೀರ್ಮಾನಿಸಲಾಗಿಲ್ಲ. ಅಪ್ಪ ಆಣೆ ತಪ್ಪಿದ, ಸರಿ. ಆದರೆ ಗಂಡನ ಚಟ ಬಿಡಿಸಲು ಅಮ್ಮನಿಗೆ ಸಿಕ್ಕಿದ್ದು ಹೊಲಿಗೆ ಹಾಕಿಸಿಕೊಂಡ ನನ್ನ ತಲೆಯೇ? ನನ್ನ ಮನೆಯಲ್ಲಿ ತಮಾಷೆಗೂ ಆಣೆ ಮಾಡಲು ನಾನು ಬಿಡುವುದಿಲ್ಲ. ಮಕ್ಕಳು ನಗುತ್ತಾರೆ, ನಗಲಿ. ಅವತ್ತು ಮೊದಲು ಬಾಯಿ ಬಿಟ್ಟವಳು ಅವ್ವ. ಮೆಣಸಿನಕಾಯಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, "ಆ ಖಲೀಲ್ನ ಕರ್ಸಿ," ಅಂದಳು.

ಬಸ್ಸಿನ ಡ್ರೈವರಿನ ಕೈಲಿ ಅಮ್ಮನೇ ಹೇಳಿ ಕಳಿಸಿದಳು. ನನ್ನ ಜ್ವರ ಅಷ್ಟರಲ್ಲಿ ಬಿಟ್ಟಿತ್ತು, ಮಾತ್ರೆಯಿಂದಲೇ ಬಿಟ್ಟಿರಬೇಕು. ಭಾನುವಾರ ಬೆಳಿಗ್ಗೆ ಖಲೀಲ್ ಮಾಮ ಹೊಸ ವಾಲ್ವು, ರಬ್ಬರು ಉಂಗುರ, ಗ್ಯಾಸ್ಕೆಟ್ಟಿನ ಹಾಳೆ, ರೇಡಿಯೇಟರಿಗೆ ನೀರಿನ ಬದಲು ಹಾಕುವ ಒಂದು ಕ್ಯಾನು ಹಸಿರು ಕೂಲೆಂಟು ತೆಗೆದುಕೊಂಡು ಬಸ್ಸಿಳಿದ. ಇಂಜಿನ್ನು ಪೂರ್ತಿ ತಣ್ಣಗಿದೆಯೆಂದು ಮುಟ್ಟಿ ನೋಡಿ, ಹಳದಿ ರಾಡಿಯನ್ನೆಲ್ಲ ಬಕೆಟ್ಟಿಗೆ ಇಳಿಸಿ, ಮುಚ್ಚಳ ಬಿಚ್ಚಿದ. ನೆಂದು ಹಪ್ಪಳವಾಗಿದ್ದ ಗ್ಯಾಸ್ಕೆಟ್ಟನ್ನು ಎತ್ತಿ ಬಿಸಿಲಿಗೆ ಹಿಡಿದ. ಹುಡುಗಿಯ ಹೆಸರು ಇನ್ನೂ ಓದಲು ಬರುತ್ತಿತ್ತು.

"ಅರೆ ನಾರಾಯಣಪ್ಪಾ, ಈ ಮದ್ವೆಗೆ ನನ್ನೂ ಕರೀಬೇಕಿತ್ತು."

ಅಮ್ಮ ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು. ಅಪ್ಪ ನಗಲಿಲ್ಲ. ಆದ ಅನಾಹುತವನ್ನು ಮಾಮ ಅವನಿಗೆ ತೋರಿಸಿದ. ವಾಲ್ವಿನ ಅಂಚಿಗೆ ಕೂರುವ ರಬ್ಬರು ಉಂಗುರವೇ ನೀರು ತಡೆಯುವುದು. ಅದನ್ನು ಎಸೆದ ಮೇಲೆ ಕಾಗದ ಎಷ್ಟು ತಡೆದೀತು? ಸೋರಿದಾಗಲೆಲ್ಲ ಬಿಗಿದೂ ಬಿಗಿದೂ ಮುಚ್ಚಳದಲ್ಲಿ ಬೋಲ್ಟು ಹೋಗುವ ಎರಡು ಕಿವಿ ಬಾಗಿ ನಡುವೆ ಉಬ್ಬಿಬಿಟ್ಟಿತ್ತು. ಬಿಗಿದಷ್ಟೂ ಸಂದಿ ದೊಡ್ಡದಾಗಿತ್ತು. ಬೋರಿನ ನೀರಿನ ಉಪ್ಪು ಬೇರೆ ಅಲ್ಯೂಮಿನಿಯಮ್ಮನ್ನು ಸಣ್ಣ ಸಣ್ಣ ಗುಳಿಗಳಾಗಿ ತಿಂದಿತ್ತು. ಮುಚ್ಚಳದ ಅಡಿಯ ಮುಖ ಮಟ್ಟಸ ಮಾಡದೆ ಹೊಸ ವಾಲ್ವು ಹಾಕಿದರೂ ಪ್ರಯೋಜನವಿಲ್ಲ ಎಂದು, ಮನೆಯಲ್ಲಿ ತೀರಾ ಮಟ್ಟಸವಾಗಿರುವ ವಸ್ತು ಏನಿದೆ ಅಂತ ಕೇಳಿದ. ಅವ್ವ ಒಬ್ಬಟ್ಟು ತಟ್ಟುವ ಮಣೆ ತಂದಳು. ಅದು ಬೇಡವೆಂದಾಗ ಅಮ್ಮ, ಅಪ್ಪ ಗಡ್ಡ ಹೆರೆಯುತ್ತಿದ್ದ ಗೋಡೆಗನ್ನಡಿಯನ್ನು ಇಳಿಸಿಕೊಟ್ಟಳು. ಕನ್ನಡಿಯ ಮೇಲೆ ಉಪ್ಪುಕಾಗದ ಹಾಸಿ, ಮುಚ್ಚಳವನ್ನು ಬೋರಲಾಗಿಟ್ಟು, ಮಾಮ ಪಕ್ಕಕ್ಕೆ ಸರಿದು ಕೂತ.

"ನೀವೇ ಬಾಗಿಸಿದ್ದು, ನೀವೇ ಉಜ್ಜಿ. ಎಂಟು ಬರೆದಂಗೆ ಸುತ್ತಿಸ್ಬೇಕು, ಒತ್ತೋದು ನಕ್ಕೋ, ಬೇಡ. ಪದ್ದಮ್ಮಾ, ನಿನ್ನ ಸ್ಕೂಲಿಂದು ಸ್ಟೀಲ್ ಸ್ಕೇಲ್ ತಗೊಂಬಾ."

ಉಜ್ಜಿದ ಮೇಲೆ ಮುಚ್ಚಳದ ಆ ಮುಖಕ್ಕೆ ಸ್ಕೇಲನ್ನು ಅಂಚಿಗೆ ನಿಲ್ಲಿಸಿ ಕಣ್ಣಿಗೆ ಹಿಡಿದು ನೋಡಬೇಕು. ಅಡಿಯಲ್ಲಿ ಎಲ್ಲೂ ಬೆಳಕು ಬರಬಾರದು. ನೋಡುವ ಕೆಲಸ ನನ್ನದಾಯಿತು. ಅಪ್ಪ ಹತ್ತು ನಿಮಿಷ ಉಜ್ಜಿ ಎತ್ತಿ ಕೊಟ್ಟ.

"ಸಾಕಲ್ವಾ?"

"ಬೆಳಕು ಬರ್ತಿದೆ."

ಮತ್ತೆ ಉಜ್ಜಿದ. ಬೆಳಕು ಬರುತ್ತಿತ್ತು. ಬೆವರು ಮೂಗಿನ ತುದಿಯಿಂದ ಕನ್ನಡಿಗೆ ಬೀಳುತ್ತಿತ್ತು. ಬೆರಳಿನ ಗಿಣ್ಣು ಸುಲಿಯಿತು, ಊಟದ ಹೊತ್ತು ಮೀರಿತು, ಮುದ್ದೆ ಆರಿತು. ನಾಲ್ಕನೆಯ ಸಲ ನಾನು ಇಲ್ಲವೆಂದು ತಲೆಯಾಡಿಸಿದಾಗ ಉಪ್ಪುಕಾಗದವನ್ನು ಎತ್ತಿ ಬಿಸಾಡಿದ.

"ಏನೇ ನಿನ್ನ ಕಣ್ಣು! ಕೂದಲೆಳೆಯಷ್ಟು ಇದ್ರೆ ಏನಾಗುತ್ತೆ?"

ನಾನು ಮಾಮನ ಕಡೆ ನೋಡಿದೆ. ಅವನು ಹೊಂಗೆ ಮರದ ಕಡೆ ನೋಡಿದ. ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಎರಡು ತಿಂಗಳು ಕಣ್ಣೆದುರು ಕಂಡದ್ದನ್ನು ನುಂಗಿಕೊಂಡಿದ್ದೆ. ಇನ್ನು ನುಂಗಲು ನನ್ನಿಂದಾಗದು ಅನ್ನಿಸಿತು.

"ಬರ್ತಿದೆ ಅಪ್ಪಾ. ಬಲಗಡೆ ಬೋಲ್ಟಿನ ಹತ್ರ."

ಅಪ್ಪ ಎದ್ದು ಹೋಗಿ ಬಿಸಾಡಿದ್ದ ಕಾಗದ ಹುಡುಕಿ ತಂದು ಮತ್ತೆ ಉಜ್ಜಲು ಕೂತ. ಏಳನೆಯ ಸಲಕ್ಕೆ ಬೆಳಕು ನಿಂತಿತು. ವಾಲ್ವು, ಉಂಗುರ, ಗ್ಯಾಸ್ಕೆಟ್ಟು ಇಟ್ಟು, ಬೋಲ್ಟನ್ನು ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಇತ್ತ ಅರ್ಧ ಸುತ್ತು ಅತ್ತ ಅರ್ಧ ಸುತ್ತು ಮಾಮ ಹೇಳಿದಂತೆ ಬಿಗಿದ. ಕೊನೆಗೆ ರೂಢಿಯಂತೆ ಮೈಭಾರ ಬಿಡಲು ಹೊರಟವನ ಮಣಿಕಟ್ಟನ್ನು ಮಾಮ ಹಿಡಿದುಕೊಂಡ. ಕೂಲೆಂಟು ತುಂಬಿ, ಇಂಜಿನ್ನು ಓಡಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಮತ್ತೆ ಮತ್ತೆ ತುಂಬಿದರು. ಸಂಜೆಗೆ ಮುಚ್ಚಳದ ಸುತ್ತ ಬೆರಳಾಡಿಸಿದೆ. ಒಣಗಿತ್ತು. ಮಾರನೆಯ ಬೆಳಿಗ್ಗೆಯೂ ಮರದ ಕೆಳಗೆ ಒದ್ದೆ ಇರಲಿಲ್ಲ.

ಮುಂದಿನ ವಾರ ಗೂಡು ಬಿಡಿಸಿದರು. ಆ ಬೆಳೆಯಷ್ಟು ಗಟ್ಟಿ ಗೂಡನ್ನು ನಾನು ಆಮೇಲೆ ಕಂಡಿಲ್ಲ. ಮಾರ್ಕೆಟ್ಟಿನ ದಿನ ಅಪ್ಪ ನಸುಕಿಗೇ ವ್ಯಾನು ತೊಳೆದು, ಹಿಂದಿನ ಬಾಗಿಲು ತೆರೆದು, ಒಗೆದ ದುಪ್ಪಟಿ ಹಾಸಿ ನಿಂತಿದ್ದ. ಅಮ್ಮ ಮೂರು ಚೀಲ ತಂದು ಜಗುಲಿಯ ತುದಿಗೆ ಇಟ್ಟಳು. ಬಸ್ಸಿನ ಹಾರನ್ನು ಕೇಳಿಸಿತು. ನಾನು ಅಪ್ಪನ ಮುಖ ನೋಡಲಾರದೆ ಚೀಲದ ಗಂಟು ನೋಡುತ್ತಿದ್ದೆ.

"ಪದ್ದಿ, ಚೀಲದ ಜೊತೆ ನೀನು ಬಸ್ ಹತ್ತು. ನಾನು ವ್ಯಾನಲ್ಲಿ ಹಿಂದೆ ಬರ್ತೀನಿ," ಅಂದಳು ಅಮ್ಮ.

"ಸರೋಜಾ, ಒಂದು ತೊಟ್ಟೂ ಸೋರ್ತಿಲ್ಲ ಕಣೇ," ಅಂದ ಅಪ್ಪ. "ಮುಟ್ಟಿ ನೋಡು ಬೇಕಾದ್ರೆ."

"ಮೊದ್ಲು ನಾನು ಕೂತು ನೋಡ್ತೀನಿ. ನಾನು ನೆಂದ್ರೆ ಒಣಗ್ತೀನಿ. ಗೂಡು ನೆಂದ್ರೆ ಮುಗೀತು."

ಅವಳೇ ಚೀಲಗಳನ್ನು ಬಸ್ಸಿನ ಹಿಂದಿನ ಸೀಟಿಗೆ ಏರಿಸಿ, ನನ್ನನ್ನು ಅವುಗಳ ಪಕ್ಕ ಕೂರಿಸಿ, ಇಳಿದು ಹೋಗಿ ವ್ಯಾನಿನಲ್ಲಿ ಮುಂದೆ ಕೂತಳು. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ನೋಡುತ್ತಾ ಹೋದೆ. ಹಿಂದೆ ಹಬೆ ಬಂದಿದ್ದ ಜಾಗ ಬಂತು, ದಾಟಿತು, ಹಬೆ ಬರಲಿಲ್ಲ. ನನಗೆ ಉಸಿರು ಬಂತು. ಆಗ ಅವರಿಬ್ಬರನ್ನೂ ಸರಿಯಾಗಿ ನೋಡಿದೆ. ಅಮ್ಮ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ಅಪ್ಪ ಸ್ಟೀರಿಂಗಿನಿಂದ ಒಂದು ಕೈ ತೆಗೆದು ಅದಕ್ಕಿಂತ ಜೋರಾಗಿ ಉತ್ತರಿಸುತ್ತಿದ್ದ. ಎರಡು ತಿಂಗಳ ಬಾಕಿ ಜಗಳವನ್ನೆಲ್ಲ ಆ ದಾರಿಯಲ್ಲೇ ತೀರಿಸುವಂತೆ ಆಡುತ್ತಿದ್ದರು. ಮೊದಲು ಖುಷಿಯಾಯಿತು. ನಾನು ಕೈ ಎತ್ತಿ ಆಡಿಸಿದೆ. ನೋಡಲಿಲ್ಲ. ಮತ್ತೆ ಆಡಿಸಿದೆ. ಇಬ್ಬರಿಗೂ ಕಣ್ಣೆತ್ತಿ ಬಸ್ಸಿನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಆಗ ಬಂದ ಸಿಟ್ಟು ಇದೆಯಲ್ಲ, ಅದು ಅಳುವಾಗದೆ ಎದೆಯಲ್ಲಿ ಗಟ್ಟಿಯಾಗಿ ಕೂತಿತು. ಕಂಡಕ್ಟರು ಹೊಸಬ. ಟಿಕೆಟ್ಟು ಹರಿಯುತ್ತಾ ಹಿಂದಿನವರೆಗೆ ಬಂದು, ಚೀಲಗಳನ್ನು ನೋಡಿ, ನನ್ನನ್ನು ನೋಡಿದ.

"ಯಾರದಮ್ಮ ಇದು ಗೂಡು? ಜೊತೇಲಿ ದೊಡ್ಡೋರು ಯಾರೂ ಇಲ್ವಾ?"

ನಾನು ಹಿಂದಿನ ಗಾಜಿಗೆ ಬೆನ್ನು ಮಾಡಿ, ಚೀಲದ ಮೇಲೆ ಕೈಯಿಟ್ಟು ಕೂತೆ.

"ಯಾರೂ ಇಲ್ಲ. ಗೂಡು ನಂದೇ."